ಡೆಸ್ಕ್‌ಟಾಪ್ ಶಾರ್ಟ್‌ಕಟ್: ಬೇಕಾದ ಪ್ರೋಗ್ರಾಂ, ಬೇಕಾದ ಫೈಲು ಒಂದೇ ಕ್ಲಿಕ್ಕಿಗೆ ತೆರೆಯುವ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಕಾಫಿ ತೋಟಗಳ ಆಫೀಸುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕಂಪ್ಯೂಟರ್, ಅದನ್ನು ಬಳಸುವವರು ಮಾತ್ರ ಇಬ್ಬರು ಮೂವರು. ಸಂಜೆ ತೋಟದ ರೈಟರು ಬಂದು ಆಳುಗಳ ಹಾಜರಿ ತುಂಬಿಸುತ್ತಾರೆ, ಬಟವಾಡೆಯ ಹಿಂದಿನ ದಿನ ಮಾಲೀಕರು ಲೆಕ್ಕ ನೋಡುತ್ತಾರೆ, ತಿಂಗಳಿಗೊಮ್ಮೆ ಪೇಟೆಯಿಂದ ಲೆಕ್ಕ ಬರೆಯುವವರು ಬಂದು ಜಿಎಸ್‌ಟಿ ಕೆಲಸ ಮುಗಿಸಿ ಹೋಗುತ್ತಾರೆ. ಹಾಜರಿಯ ಹಾಳೆಯನ್ನು ತೆರೆಯಬೇಕೆಂದರೆ ಸ್ಟಾರ್ಟ್ ಮೆನು, ಅಲ್ಲಿಂದ ಎಕ್ಸೆಲ್, ಎಕ್ಸೆಲ್‌ನಲ್ಲಿ ಓಪನ್, ಆಮೇಲೆ ಡಿ ಡ್ರೈವ್, ಅದರೊಳಗೆ ಆ ವರ್ಷದ ಫೋಲ್ಡರ್, ಅದರೊಳಗೆ ಫೈಲು ಎಂದು ದಿನವೂ ಅದೇ ಸುತ್ತು ಹಾಕಬೇಕಾಗುತ್ತದೆ. ಡೆಸ್ಕ್‌ಟಾಪಿನ ಮೇಲೆ ಎಕ್ಸೆಲ್‌ನ ಐಕಾನ್ ಇದ್ದರೂ ಈ ಸುತ್ತಿನಲ್ಲಿ ತಪ್ಪುವುದು ಮೊದಲ ಎರಡು ಹೆಜ್ಜೆಗಳು ಮಾತ್ರ. ಆದ್ದರಿಂದ ಶಾರ್ಟ್‌ಕಟ್ ಮಾಡುವಾಗ ‘ಯಾವ ಪ್ರೋಗ್ರಾಂ’ ಎಂದು ಕೇಳಿಕೊಳ್ಳುವುದಕ್ಕಿಂತ ‘ಯಾವ ಕೆಲಸ’ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಈ ಬರಹವನ್ನು ಅದೇ ದೃಷ್ಟಿಯಿಂದ ಬರೆದಿದ್ದೇನೆ.

ಇಲ್ಲಿನ ಹಂತಗಳು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯಾದರೂ ಅದೇ ಆವೃತ್ತಿಯಲ್ಲಿ ಕೆಲಸ ನಡೆಸುವ ಕಚೇರಿಗಳು ಇನ್ನೂ ಇರುವುದರಿಂದ, ಎರಡರ ಮೆನುಗಳು ಬೇರೆಯಾಗುವ ಕಡೆ ಎರಡನ್ನೂ ಹೇಳಿದ್ದೇನೆ.

ಶಾರ್ಟ್‌ಕಟ್ಟಿನ ಒಳಗೆ ಏನಿರುತ್ತದೆ

1995ರಲ್ಲಿ ಬಂದ ವಿಂಡೋಸ್ 95 ಸ್ಟಾರ್ಟ್ ಮೆನುವಿನ ಜೊತೆಗೆ ಶಾರ್ಟ್‌ಕಟ್ಟನ್ನೂ ತಂದಿತು, ಅಂದಿನಿಂದ ಅದರ ಮೂಲ ಸ್ವರೂಪ ಬದಲಾಗಿಲ್ಲ. ಶಾರ್ಟ್‌ಕಟ್ ಎಂಬುದು ಒಂದೆರಡು ಕೆಬಿ ಗಾತ್ರದ ಸಣ್ಣ ಫೈಲು. ಎಲ್, ಎನ್, ಕೆ ಎಂಬ ಮೂರಕ್ಷರದ ಬಾಲ ಅದರ ಹೆಸರಿಗೆ ಇರುತ್ತದೆ, ಆದರೆ ಫೈಲುಗಳ ಬಾಲ ತೋರಿಸುವಂತೆ ನೀವು ಸೆಟ್ಟಿಂಗ್ ಬದಲಿಸಿದರೂ ವಿಂಡೋಸ್ ಇದನ್ನು ಮಾತ್ರ ತೋರಿಸುವುದಿಲ್ಲ. ಐಕಾನಿನ ಎಡಮೂಲೆಯಲ್ಲಿ ಕಾಣುವ ಸಣ್ಣ ಬಾಣವೇ ಅದರ ಗುರುತು. ಪ್ರೋಗ್ರಾಂ ಅಥವಾ ಫೈಲು ಎಲ್ಲಿದೆ ಎಂಬ ವಿಳಾಸ, ಅದು ಯಾವ ಫೋಲ್ಡರಿನಲ್ಲಿ ನಿಂತು ಕೆಲಸ ಆರಂಭಿಸಬೇಕು, ಕಿಟಕಿ ದೊಡ್ಡದಾಗಿ ತೆರೆಯಬೇಕೋ ಚಿಕ್ಕದಾಗಿ ತೆರೆಯಬೇಕೋ, ಯಾವ ಐಕಾನ್ ತೋರಿಸಬೇಕು ಎಂಬಷ್ಟು ವಿವರ ಅದರೊಳಗಿರುತ್ತದೆ.

ಊರಿನ ಕಡೆಗೆ ಕೈ ತೋರಿಸುವ ಕೈಮರ ಹೇಗೋ ಶಾರ್ಟ್‌ಕಟ್ ಹಾಗೆ. ಕೈಮರವನ್ನು ಕಿತ್ತರೆ ಊರು ಎಲ್ಲಿಗೂ ಹೋಗುವುದಿಲ್ಲ, ಕೈಮರವನ್ನು ಹೊತ್ತು ತಂದರೆ ಊರೂ ಜೊತೆಗೆ ಬರುವುದಿಲ್ಲ. ಮೊದಲನೆಯದು ತಿಳಿಯದವರು ಪ್ರೋಗ್ರಾಂ ಅಳಿಸಿಹೋದೀತೆಂದು ಹೆದರಿ ಬೇಡದ ಐಕಾನುಗಳನ್ನೆಲ್ಲ ಡೆಸ್ಕ್‌ಟಾಪಿನಲ್ಲಿ ಹಾಗೆಯೇ ಬಿಟ್ಟಿರುತ್ತಾರೆ. ಎರಡನೆಯದು ತಿಳಿಯದವರು ಹಾಸನದ ಜೆರಾಕ್ಸ್ ಅಂಗಡಿಗಳಿಗೆ ದಿನವೂ ಬರುತ್ತಾರೆ: ಮನೆಯ ಕಂಪ್ಯೂಟರಿನ ಡೆಸ್ಕ್‌ಟಾಪಿನಿಂದ ‘ಫೈಲು’ ಎಂದುಕೊಂಡು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದದ್ದು ಶಾರ್ಟ್‌ಕಟ್ ಆಗಿರುತ್ತದೆ, ಅಂಗಡಿಯಲ್ಲಿ ಅದು ತೆರೆಯುವುದಿಲ್ಲ, ಅರ್ಜಿ ಸಲ್ಲಿಸುವ ಸಮಯ ಮೀರುತ್ತಿರುತ್ತದೆ. ಪೆನ್‌ಡ್ರೈವಿಗೆ ಹಾಕುವ ಮುನ್ನ ಬಾಣದ ಗುರುತು ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ಫೈಲ್ ಲೊಕೇಶನ್ ಒತ್ತಿ, ನಿಜವಾದ ಫೈಲು ಇರುವ ಜಾಗಕ್ಕೆ ಹೋಗಿ ಅಲ್ಲಿಂದ ಕಾಪಿ ಮಾಡಿ.

ಪ್ರೋಗ್ರಾಮಿಗೆ ಶಾರ್ಟ್‌ಕಟ್ ಮಾಡುವ ದಾರಿಗಳು

ಎಲ್ಲಕ್ಕಿಂತ ಸುಲಭವಾದ ದಾರಿ ಎಳೆದು ಬಿಡುವುದು. ತೆರೆದಿರುವ ಕಿಟಕಿಗಳನ್ನು ಮೊದಲು ಚಿಕ್ಕದು ಮಾಡಿ ಡೆಸ್ಕ್‌ಟಾಪ್ ಕಾಣುವಂತೆ ಮಾಡಿಕೊಳ್ಳಿ, ವಿಂಡೋಸ್ ಕೀಲಿಯ ಜೊತೆ ಡಿ ಒತ್ತಿದರೆ ಎಲ್ಲವೂ ಒಮ್ಮೆಗೇ ಸರಿಯುತ್ತವೆ. ಬಳಿಕ ಸ್ಟಾರ್ಟ್ ಮೆನು ತೆರೆದು, ವಿಂಡೋಸ್ 11 ಆಗಿದ್ದರೆ ಎಲ್ಲ ಆ್ಯಪ್‌ಗಳ ಪಟ್ಟಿಗೆ ಹೋಗಿ, ಬೇಕಾದ ಪ್ರೋಗ್ರಾಮಿನ ಹೆಸರನ್ನು ಮೌಸಿನಿಂದ ಹಿಡಿದು ಡೆಸ್ಕ್‌ಟಾಪಿನ ಖಾಲಿ ಜಾಗಕ್ಕೆ ಎಳೆದು ಬಿಡಿ. ವಿಂಡೋಸ್ 10ರಲ್ಲಿ ಸ್ಟಾರ್ಟ್ ಮೆನುವಿನ ಎಡಭಾಗದ ಪಟ್ಟಿಯಿಂದಲೇ ಎಳೆಯಬಹುದು.

ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಹೀಗೆ ಎಳೆಯುವುದು ಕೈಗೆ ಒಗ್ಗದಿದ್ದರೆ ಎರಡನೆಯ ದಾರಿ ಹಿಡಿಯಿರಿ. ಪಟ್ಟಿಯಲ್ಲಿರುವ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಮೋರ್ ಎಂಬುದರ ಅಡಿಯಲ್ಲಿ ಓಪನ್ ಫೈಲ್ ಲೊಕೇಶನ್ ಒತ್ತಿ. ತೆರೆಯುವ ಫೋಲ್ಡರಿನಲ್ಲಿ ಆ ಪ್ರೋಗ್ರಾಮಿನ ಮೇಲೆ ಮತ್ತೆ ರೈಟ್ ಕ್ಲಿಕ್ ಮಾಡಿ ಸೆಂಡ್ ಟು, ಅದರೊಳಗೆ ಡೆಸ್ಕ್‌ಟಾಪ್ ಎಂಬುದನ್ನು ಆರಿಸಿ. ವಿಂಡೋಸ್ 11ರಲ್ಲಿ ಸೆಂಡ್ ಟು ನೇರವಾಗಿ ಕಾಣುವುದಿಲ್ಲ, ಮೆನುವಿನ ಕೊನೆಯಲ್ಲಿರುವ ಶೋ ಮೋರ್ ಆಪ್ಷನ್ಸ್ ಒತ್ತಿದರೆ ಹಳೆಯ ಉದ್ದನೆಯ ಮೆನು ಬರುತ್ತದೆ. ಫೈಲನ್ನು ಆರಿಸಿಕೊಂಡು ಶಿಫ್ಟ್ ಜೊತೆ ಎಫ್10 ಒತ್ತಿದರೂ ಅದೇ ಮೆನು ಸಿಗುತ್ತದೆ.

ಮೈಕ್ರೋಸಾಫ್ಟ್ ಸ್ಟೋರಿನಿಂದ ಹಾಕಿಕೊಂಡ ಆ್ಯಪ್‌ಗಳಿಗೆ ಓಪನ್ ಫೈಲ್ ಲೊಕೇಶನ್ ಇರುವುದಿಲ್ಲ. ಅವುಗಳಿಗಾಗಿ ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ ರನ್ ಪೆಟ್ಟಿಗೆಯನ್ನು ತೆರೆದು, ಅದರಲ್ಲಿ ಶೆಲ್ ಎಂಬ ಪದ, ಒಂದರ ಮೇಲೊಂದು ಇರುವ ಎರಡು ಚುಕ್ಕಿಯ ಚಿಹ್ನೆ, ಆಮೇಲೆ ಆ್ಯಪ್ಸ್‌ಫೋಲ್ಡರ್ ಎಂಬ ಪದ, ಇವಿಷ್ಟನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಕಂಪ್ಯೂಟರಿನಲ್ಲಿರುವ ಎಲ್ಲ ಆ್ಯಪ್‌ಗಳೂ ಒಂದೇ ಫೋಲ್ಡರಿನಲ್ಲಿ ಸಾಲಾಗಿ ಕಾಣುತ್ತವೆ. ಬೇಕಾದುದರ ಮೇಲೆ ರೈಟ್ ಕ್ಲಿಕ್ ಮಾಡಿ ಕ್ರಿಯೇಟ್ ಶಾರ್ಟ್‌ಕಟ್ ಒತ್ತಿದರೆ, ಇಲ್ಲಿ ಮಾಡಲಾಗದು, ಡೆಸ್ಕ್‌ಟಾಪಿನಲ್ಲಿ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಯೆಸ್ ಎನ್ನಿ.

ಇನ್ನೊಂದು ದಾರಿ ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ನ್ಯೂ, ಅದರೊಳಗೆ ಶಾರ್ಟ್‌ಕಟ್ ಆರಿಸುವುದು. ವಿಳಾಸ ಕೇಳುವ ಪೆಟ್ಟಿಗೆ ಬಂದಾಗ ಬ್ರೌಸ್ ಒತ್ತಿ ಪ್ರೋಗ್ರಾಂ ಇರುವ ಜಾಗಕ್ಕೆ ಹೋಗಿ ಅದನ್ನು ಆರಿಸಿ, ನೆಕ್ಸ್ಟ್ ಒತ್ತಿ, ಹೆಸರು ಕೊಟ್ಟು ಫಿನಿಶ್ ಒತ್ತಿ. ಸ್ಟಾರ್ಟ್ ಮೆನುವಿನಲ್ಲಿ ಕಾಣದ ಹಳೆಯ ಬಿಲ್ಲಿಂಗ್ ತಂತ್ರಾಂಶಗಳಿಗೆ ಇದು ಅಗತ್ಯವಾಗುತ್ತದೆ.

ಹೆಸರನ್ನು ಕನ್ನಡದಲ್ಲಿಯೇ ಕೊಡಬಹುದು, ಕೊಡುವುದೇ ಒಳ್ಳೆಯದು. ಆದರೆ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳೂ ಓದುವ ಸಾಮಾನ್ಯ ಅಕ್ಷರ ಸಂಕೇತದಲ್ಲಿ, ಬರೆಯಬೇಕು. ಕನ್ನಡ ಬೆರಳಚ್ಚಿನ ತಂತ್ರಾಂಶವಾದ ‘ನುಡಿ’ಯ ಹಳೆಯ ಆಸ್ಕಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದರೆ ಡೆಸ್ಕ್‌ಟಾಪಿನ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ, ಎರಡು ಚುಕ್ಕಿ, ಉದ್ಧರಣ ಚಿಹ್ನೆ ಇವನ್ನು ಹೆಸರಿನಲ್ಲಿ ವಿಂಡೋಸ್ ಬಿಡುವುದಿಲ್ಲವಾದ್ದರಿಂದ ದಿನಾಂಕ ಹಾಕುವುದಿದ್ದರೆ ಅಡ್ಡಗೆರೆ ಬಳಸಿ.

ಪ್ರೋಗ್ರಾಂ ಬಿಟ್ಟು ಕೆಲಸಕ್ಕೇ ಶಾರ್ಟ್‌ಕಟ್

ಹಾಜರಿಯ ಫೈಲನ್ನು ತೆರೆಯುವುದಷ್ಟೇ ಬೇಕಿದ್ದರೆ ಆ ಫೈಲಿನ ಮೇಲೆಯೇ ರೈಟ್ ಕ್ಲಿಕ್ ಮಾಡಿ ಸೆಂಡ್ ಟು ಡೆಸ್ಕ್‌ಟಾಪ್ ಮಾಡಿದರೆ ಸಾಕು. ಎರಡು ಸಲ ಒತ್ತಿದೊಡನೆ ಎಕ್ಸೆಲ್ ಆ ಹಾಳೆಯೊಂದಿಗೇ ತೆರೆಯುತ್ತದೆ. ಆದರೆ ಒಂದೇ ಬಗೆಯ ಫೈಲನ್ನು ಬೇರೆ ಬೇರೆ ಪ್ರೋಗ್ರಾಮಿನಲ್ಲಿ ತೆರೆಯಬೇಕಾದ ಸಂದರ್ಭಗಳಿವೆ. ಉದಾಹರಣೆಗೆ, ಪಿಡಿಎಫ್ ಫೈಲುಗಳೆಲ್ಲ ಎಡ್ಜ್ ಬ್ರೌಸರಿನಲ್ಲಿ ತೆರೆಯುವಂತೆ ಕಂಪ್ಯೂಟರ್ ಹೊಂದಿಸಿದ್ದರೂ ಒಂದು ಅರ್ಜಿ ನಮೂನೆ ಮಾತ್ರ ಅಕ್ರೊಬ್ಯಾಟ್ ರೀಡರಿನಲ್ಲಿಯೇ ತೆರೆಯಬೇಕು ಎನ್ನೋಣ. ಆಗ ಶಾರ್ಟ್‌ಕಟ್ಟಿಗೆ ಪ್ರೋಗ್ರಾಮಿನ ವಿಳಾಸವನ್ನೂ ಫೈಲಿನ ವಿಳಾಸವನ್ನೂ ಒಟ್ಟಿಗೆ ಕೊಡಬೇಕಾಗುತ್ತದೆ.

ಮೊದಲು ಪ್ರೋಗ್ರಾಮಿಗೆ ಒಂದು ಶಾರ್ಟ್‌ಕಟ್ ಮಾಡಿಕೊಳ್ಳಿ. ನಂತರ ಫೈಲು ಇರುವ ಫೋಲ್ಡರಿಗೆ ಹೋಗಿ, ವಿಂಡೋಸ್ 11ರಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ವಿಂಡೋಸ್ 10ರಲ್ಲಿ ಶಿಫ್ಟ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿ, ಕಾಪಿ ಆ್ಯಸ್ ಪಾತ್ ಆರಿಸಿ. ಫೈಲಿನ ಪೂರ್ಣ ವಿಳಾಸ ಎರಡೂ ಬದಿಯ ಉದ್ಧರಣ ಚಿಹ್ನೆಗಳೊಂದಿಗೆ ನಕಲಾಗುತ್ತದೆ. ಈ ಚಿಹ್ನೆಗಳು ಮುಖ್ಯ, ಏಕೆಂದರೆ ವಿಳಾಸದ ನಡುವೆ ಖಾಲಿ ಜಾಗವಿದ್ದರೆ ಅಲ್ಲಿಗೆ ವಿಳಾಸ ಮುಗಿಯಿತೆಂದು ಪ್ರೋಗ್ರಾಂ ತಿಳಿದುಬಿಡುತ್ತದೆ. ಈಗ ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟನ್ನು ಆರಿಸಿ ಆಲ್ಟ್ ಜೊತೆ ಎಂಟರ್ ಒತ್ತಿ, ಪ್ರಾಪರ್ಟೀಸ್ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಟಾರ್ಗೆಟ್ ಎಂಬ ಸಾಲಿನಲ್ಲಿ ಈಗಾಗಲೇ ಇರುವ ಪ್ರೋಗ್ರಾಮಿನ ವಿಳಾಸವನ್ನು ಅಳಿಸದೆ, ಸಾಲಿನ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು, ನಕಲು ಮಾಡಿದ ವಿಳಾಸವನ್ನು ಅಂಟಿಸಿ ಓಕೆ ಒತ್ತಿ. ಫೈಲಿನ ವಿಳಾಸವು ಪ್ರೋಗ್ರಾಮಿನ ಉದ್ಧರಣ ಚಿಹ್ನೆಯ ಒಳಗೆ ಸೇರಿದರೆ ಟಾರ್ಗೆಟ್ ಸರಿಯಿಲ್ಲ ಎಂಬ ಸಂದೇಶ ಬರುತ್ತದೆ. ಈ ಸಾಲು ಹಿಡಿಯುವುದು ಸುಮಾರು 260 ಅಕ್ಷರಗಳನ್ನು ಮಾತ್ರ, ಆದ್ದರಿಂದ ಫೋಲ್ಡರಿನೊಳಗೆ ಫೋಲ್ಡರ್ ಇಟ್ಟು ಉದ್ದುದ್ದ ಹೆಸರು ಕೊಟ್ಟವರಿಗೆ ಇಲ್ಲಿ ತೊಡಕಾಗುತ್ತದೆ.

ಹಳೆಯ ಆಫೀಸ್ ಆವೃತ್ತಿಗಳಲ್ಲಿ ಕೆಲವೊಮ್ಮೆ ಟಾರ್ಗೆಟ್ ಸಾಲು ಮಸುಕಾಗಿದ್ದು ಏನನ್ನೂ ಬರೆಯಲು ಬಿಡುವುದಿಲ್ಲ. ಆ ಶಾರ್ಟ್‌ಕಟ್ಟನ್ನು ಪ್ರೋಗ್ರಾಂ ಹಾಕಿದ ಇನ್‌ಸ್ಟಾಲರ್ ಬೇರೆ ಬಗೆಯಲ್ಲಿ ಮಾಡಿರುತ್ತದೆ. ನ್ಯೂ, ಶಾರ್ಟ್‌ಕಟ್ ದಾರಿಯಿಂದ ಪ್ರೋಗ್ರಾಮಿನ ಮೂಲ ಫೈಲನ್ನೇ ಹುಡುಕಿ ಹೊಸದೊಂದನ್ನು ಮಾಡಿಕೊಂಡರೆ ತೊಂದರೆ ತೀರುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಫೈಲಿಗೆ ನೇರವಾಗಿ ಮಾಡಿದ ಶಾರ್ಟ್‌ಕಟ್ಟಾದರೆ, ಆ ಫೈಲಿನ ಹೆಸರು ಬದಲಿಸಿದರೂ ಅದೇ ಡ್ರೈವಿನ ಬೇರೆ ಫೋಲ್ಡರಿಗೆ ಸರಿಸಿದರೂ ವಿಂಡೋಸ್ ಅದನ್ನು ಬಹುಮಟ್ಟಿಗೆ ಹುಡುಕಿಕೊಳ್ಳುತ್ತದೆ. ಪ್ರೋಗ್ರಾಮಿನ ವಿಳಾಸದ ಮುಂದೆ ನೀವೇ ಅಂಟಿಸಿದ ಫೈಲಿಗೆ ಈ ಸೌಲಭ್ಯವಿಲ್ಲ. ಒಂದಕ್ಷರ ಬದಲಾದರೂ ಫೈಲು ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಹಾಗಾಗಿ ತಿಂಗಳಿಗೊಂದು ಹೊಸ ಫೈಲು ಮಾಡುವ ರೂಢಿಯಿರುವ ಕಡೆ ಇಂಥ ಶಾರ್ಟ್‌ಕಟ್ ಪ್ರತಿ ತಿಂಗಳೂ ಕೆಡುತ್ತದೆ. ವರ್ಷಕ್ಕೆ ಒಂದೇ ಫೈಲು ಇಟ್ಟು ತಿಂಗಳಿಗೊಂದು ಹಾಳೆ ಮಾಡುವುದು, ಇಲ್ಲವೇ ಫೈಲಿಗೆ ಬದಲಾಗಿ ಫೋಲ್ಡರಿಗೇ ಶಾರ್ಟ್‌ಕಟ್ ಮಾಡುವುದು ಮೇಲು.

ಪ್ರಾಪರ್ಟೀಸ್ ಪೆಟ್ಟಿಗೆಯ ಉಳಿದ ಸಾಲುಗಳು

ಸ್ಟಾರ್ಟ್ ಇನ್ ಎಂಬ ಸಾಲನ್ನು ಬಹುತೇಕ ಪ್ರೋಗ್ರಾಂಗಳಿಗೆ ಮುಟ್ಟಬೇಕಾಗಿಲ್ಲ. ಆದರೆ ಕೆಲವು ಹಳೆಯ ಲೆಕ್ಕದ ಪ್ರೋಗ್ರಾಂಗಳು ತಮ್ಮ ಡೇಟಾ ಫೈಲುಗಳನ್ನು ಈ ಸಾಲಿನಲ್ಲಿ ಹೇಳಿದ ಫೋಲ್ಡರಿನಲ್ಲಿಯೇ ಹುಡುಕುತ್ತವೆ. ಪ್ರೋಗ್ರಾಂ ಇರುವ ಫೋಲ್ಡರಿಗೆ ಹೋಗಿ ಒತ್ತಿದರೆ ಸರಿಯಾಗಿ ತೆರೆಯುತ್ತದೆ, ಶಾರ್ಟ್‌ಕಟ್ಟಿನಿಂದ ಒತ್ತಿದರೆ ಡೇಟಾ ಇಲ್ಲ ಎನ್ನುತ್ತದೆ ಎಂದಾದರೆ ಮೊದಲು ನೋಡಬೇಕಾದದ್ದು ಈ ಸಾಲನ್ನೇ.

ಶಾರ್ಟ್‌ಕಟ್ ಕೀ ಎಂಬ ಸಾಲಿನಲ್ಲಿ ಕ್ಲಿಕ್ ಮಾಡಿ ಒಂದು ಅಕ್ಷರ ಒತ್ತಿದರೆ ಅದರ ಮುಂದೆ ಕಂಟ್ರೋಲ್ ಮತ್ತು ಆಲ್ಟ್ ತಾವಾಗಿಯೇ ಸೇರುತ್ತವೆ. ಎಚ್ ಒತ್ತಿದರೆ, ಮುಂದೆ ಕಂಟ್ರೋಲ್, ಆಲ್ಟ್, ಎಚ್ ಮೂರನ್ನೂ ಒಟ್ಟಿಗೆ ಒತ್ತಿದಾಗಲೆಲ್ಲ ಹಾಜರಿಯ ಹಾಳೆ ತೆರೆಯುತ್ತದೆ. ಶಾರ್ಟ್‌ಕಟ್ ಡೆಸ್ಕ್‌ಟಾಪಿನಲ್ಲಿ ಅಥವಾ ಸ್ಟಾರ್ಟ್ ಮೆನುವಿನಲ್ಲಿ ಇದ್ದಾಗ ಮಾತ್ರ ಇದು ನಡೆಯುತ್ತದೆ. 4 ಎಂಬ ಅಂಕಿಯನ್ನು ಮಾತ್ರ ಬಿಟ್ಟುಬಿಡಿ: ಇಂಗ್ಲಿಷ್ ಇಂಡಿಯಾ ಕೀಲಿಮಣೆಯಲ್ಲಿ ರೂಪಾಯಿ ಚಿಹ್ನೆ ಬರುವುದು ಕಂಟ್ರೋಲ್, ಆಲ್ಟ್, 4 ಒತ್ತಿದಾಗಲೇ, ಬಿಲ್ಲು ಬರೆಯುವವರು ಅದನ್ನು ಕಳೆದುಕೊಂಡರೆ ಬೈಯುತ್ತಾರೆ.

ರನ್ ಎಂಬಲ್ಲಿ ಮ್ಯಾಕ್ಸಿಮೈಸ್ಡ್ ಆರಿಸಿದರೆ ಕಿಟಕಿ ಪೂರ್ತಿ ಪರದೆಗೆ ತೆರೆಯುತ್ತದೆ. ಚೇಂಜ್ ಐಕಾನ್ ಒತ್ತಿದರೆ ವಿಂಡೋಸ್ ಜೊತೆಗೇ ಬರುವ ಹಲವು ಐಕಾನುಗಳು ಸಿಗುತ್ತವೆ. ನಾಲ್ಕು ಎಕ್ಸೆಲ್ ಹಾಳೆಗಳಿಗೆ ನಾಲ್ಕು ಶಾರ್ಟ್‌ಕಟ್ ಮಾಡಿ ನಾಲ್ಕಕ್ಕೂ ಅದೇ ಹಸಿರು ಐಕಾನ್ ಬಿಟ್ಟರೆ ಓದಿಯೇ ಹುಡುಕಬೇಕಾಗುವುದರಿಂದ ಇದು ಬರಿಯ ಅಲಂಕಾರವಲ್ಲ. ಅಡ್ವಾನ್ಸ್ಡ್ ಗುಂಡಿಯೊಳಗೆ ಇರುವ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂಬುದಕ್ಕೆ ಮಾತ್ರ ಕಾರಣವಿಲ್ಲದೆ ಗುರುತು ಹಾಕಬೇಡಿ. ಪ್ರತಿ ಸಲವೂ ಅನುಮತಿ ಕೇಳುವುದಲ್ಲದೆ, ಹಾಗೆ ತೆರೆದ ಪ್ರೋಗ್ರಾಮಿಗೆ ಫೋಲ್ಡರಿನಿಂದ ಫೈಲನ್ನು ಎಳೆದು ಹಾಕಲೂ ಆಗುವುದಿಲ್ಲ.

ನುಡಿ ಮತ್ತು ವರ್ಡ್ ಒಟ್ಟಿಗೆ ತೆರೆಯಲು

ಹಾಸನದ ಡಿಟಿಪಿ ಅಂಗಡಿಗಳಲ್ಲಿ, ಪತ್ರ ಬರೆಯುವ ಕಚೇರಿಗಳಲ್ಲಿ ವರ್ಡ್ ತೆರೆದು ಬೆರಳಚ್ಚು ಆರಂಭಿಸಿದ ಮೇಲೆ ನುಡಿ ತೆರೆದಿಲ್ಲ ಎಂಬುದು ನೆನಪಾಗುತ್ತದೆ. ನುಡಿ ದಿನವಿಡೀ ಬೇಕೆನ್ನುವವರು ಅದರ ಶಾರ್ಟ್‌ಕಟ್ಟಿನ ಒಂದು ನಕಲನ್ನು ಸ್ಟಾರ್ಟಪ್ ಫೋಲ್ಡರಿನಲ್ಲಿ ಇಟ್ಟರೆ ಕಂಪ್ಯೂಟರಿಗೆ ಲಾಗಿನ್ ಆದ ಕೂಡಲೇ ಅದು ತಾನೇ ತೆರೆಯುತ್ತದೆ. ರನ್ ಪೆಟ್ಟಿಗೆಯಲ್ಲಿ ಹಿಂದೆ ಹೇಳಿದಂತೆಯೇ, ಆ್ಯಪ್ಸ್‌ಫೋಲ್ಡರ್ ಬದಲು ಸ್ಟಾರ್ಟಪ್ ಎಂದು ಬರೆದರೆ ಆ ಫೋಲ್ಡರ್ ಸಿಗುತ್ತದೆ.

ಬೇಕಾದಾಗ ಮಾತ್ರ ಎರಡೂ ಒಟ್ಟಿಗೆ ತೆರೆಯಬೇಕೆಂದರೆ ಒಂದು ಬ್ಯಾಚ್ ಫೈಲು, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲು, ಬರೆಯಬೇಕು. ನೋಟ್‌ಪ್ಯಾಡ್ ತೆರೆದು, ಪ್ರತಿ ಪ್ರೋಗ್ರಾಮಿಗೂ ಒಂದೊಂದು ಸಾಲು ಬರೆಯಿರಿ. ಸಾಲಿನ ಆರಂಭದಲ್ಲಿ ಇಂಗ್ಲಿಷಿನಲ್ಲಿ ಸ್ಟಾರ್ಟ್ ಎಂಬ ಪದ, ಒಂದು ಜಾಗ, ಒಳಗೆ ಏನೂ ಇಲ್ಲದ ಒಂದು ಜೋಡಿ ಉದ್ಧರಣ ಚಿಹ್ನೆ, ಮತ್ತೊಂದು ಜಾಗ, ಆಮೇಲೆ ಕಾಪಿ ಆ್ಯಸ್ ಪಾತ್ ಮೂಲಕ ತಂದ ವಿಳಾಸ. ಖಾಲಿ ಚಿಹ್ನೆಗಳನ್ನು ಅನಗತ್ಯವೆಂದು ಬಿಡಬೇಡಿ. ಸ್ಟಾರ್ಟ್ ಆದೇಶವು ಮೊದಲು ಕಾಣುವ ಉದ್ಧರಣವನ್ನು ಕಿಟಕಿಯ ಶೀರ್ಷಿಕೆಯೆಂದು ತಿಳಿಯುತ್ತದೆ, ಅವು ಇಲ್ಲದಿದ್ದರೆ ನಿಮ್ಮ ವಿಳಾಸವೇ ಶೀರ್ಷಿಕೆಯಾಗಿ ಬರಿಯ ಕಪ್ಪು ಕಿಟಕಿ ತೆರೆಯುತ್ತದೆ. ಉಳಿಸುವಾಗ ಸೇವ್ ಆ್ಯಸ್ ಟೈಪ್ ಎಂಬಲ್ಲಿ ಆಲ್ ಫೈಲ್ಸ್ ಆರಿಸಿ, ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಬಿ, ಎ, ಟಿ ಎಂಬ ಮೂರಕ್ಷರ ಸೇರಿಸಿ. ಇಂಥ ಫೈಲಿನೊಳಗೆ ಬರುವ ಫೋಲ್ಡರುಗಳ ಹೆಸರು ಕನ್ನಡದಲ್ಲಿದ್ದರೆ ತೊಡಕಾಗಬಹುದಾದ್ದರಿಂದ ಅಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದ ಹೆಸರುಗಳನ್ನೇ ಇಟ್ಟುಕೊಳ್ಳಿ. ಬ್ಯಾಚ್ ಫೈಲನ್ನು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿಟ್ಟು ಅದಕ್ಕೊಂದು ಶಾರ್ಟ್‌ಕಟ್ಟನ್ನು ಡೆಸ್ಕ್‌ಟಾಪಿಗೆ ತನ್ನಿ. ಬ್ಯಾಚ್ ಫೈಲಿಗೆ ಐಕಾನ್ ಬದಲಿಸಲಾಗದು, ಶಾರ್ಟ್‌ಕಟ್ಟಿಗೆ ಬದಲಿಸಬಹುದು. ರನ್ ಎಂಬಲ್ಲಿ ಮಿನಿಮೈಸ್ಡ್ ಆರಿಸಿದರೆ ಕಪ್ಪು ಕಿಟಕಿ ಕಣ್ಣಿಗೆ ಮಿಂಚುವುದೂ ತಪ್ಪುತ್ತದೆ.

ಜಾಲತಾಣಗಳಿಗೆ

ಸೇವಾ ಸಿಂಧು, ಪಹಣಿ ನೋಡುವ ಭೂಮಿ ಮುಂತಾದ ತಾಣಗಳಿಗೆ ಶಾರ್ಟ್‌ಕಟ್ ಮಾಡಲು, ಬ್ರೌಸರಿನ ಕಿಟಕಿಯನ್ನು ಅರ್ಧ ಪರದೆಗೆ ಇಳಿಸಿ, ವಿಳಾಸದ ಎಡಕ್ಕಿರುವ ಸಣ್ಣ ಚಿಹ್ನೆಯನ್ನು ಹಿಡಿದು ಡೆಸ್ಕ್‌ಟಾಪಿಗೆ ಎಳೆದು ಬಿಟ್ಟರೆ ಆಯಿತು. ಲಾಗಿನ್ ಆದ ಮೇಲಿನ ಪುಟದಿಂದ ಎಳೆಯಬೇಡಿ. ಆ ವಿಳಾಸ ಅಂದಿನ ಲಾಗಿನ್ನಿಗೆ ಮಾತ್ರ ಸಲ್ಲುವಂಥದ್ದಾಗಿದ್ದರೆ ಮರುದಿನ ಅವಧಿ ಮುಗಿದಿದೆ ಎಂದು ತೋರಿಸುತ್ತದೆ. ತಾಣದ ಮೊದಲ ಪುಟದಿಂದಲೇ ಮಾಡಿ. ಬ್ಯಾಂಕಿನ ತಾಣವಾದರೆ, ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಿ ಹೋದ ಪುಟದಿಂದ ಎಂದೂ ಮಾಡಬೇಡಿ, ವಿಳಾಸವನ್ನು ನೀವೇ ಬರೆದು ತೆರೆದ ಪುಟದಿಂದ ಮಾಡಿ.

ಕೆಟ್ಟಾಗ ನೋಡಬೇಕಾದದ್ದು

ಎರಡು ಕಂಪ್ಯೂಟರುಗಳನ್ನು ನೆಟ್‌ವರ್ಕಿನಲ್ಲಿ ಜೋಡಿಸಿ ಒಂದರಲ್ಲಿರುವ ಲೆಕ್ಕವನ್ನು ಇನ್ನೊಂದರಿಂದ ತೆರೆಯುವ ಕಡೆ ಮಳೆಗಾಲದಲ್ಲಿ ಶಾರ್ಟ್‌ಕಟ್ ತೆರೆಯುತ್ತಿಲ್ಲ ಎಂಬ ದೂರು ಹೆಚ್ಚು. ಮಲೆನಾಡಿನಲ್ಲಿ ಕರೆಂಟು ಹೋಗಿ ಬಂದಾಗ ಲ್ಯಾಪ್‌ಟಾಪ್ ಹಾಗೆಯೇ ಓಡುತ್ತಿರುತ್ತದೆ, ಡೇಟಾ ಇರುವ ಕಂಪ್ಯೂಟರ್ ಮಾತ್ರ ಆಫ್ ಆಗಿರುತ್ತದೆ. ಆಗ ಶಾರ್ಟ್‌ಕಟ್ ಒತ್ತಿದರೆ ಬಹಳ ಹೊತ್ತು ತಡೆದು ದೋಷದ ಸಂದೇಶ ಬರುತ್ತದೆ. ಶಾರ್ಟ್‌ಕಟ್ಟನ್ನು ಅಳಿಸಲೇ ಎಂದು ವಿಂಡೋಸ್ ಕೇಳಿದರೆ ನೋ ಎನ್ನಿ, ಕೆಟ್ಟಿರುವುದು ಶಾರ್ಟ್‌ಕಟ್ಟಲ್ಲ. ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿರುವ ಫೈಲಿಗೆ ಮಾಡಿದ್ದರೆ, ಅದನ್ನು ಮತ್ತೆ ಸಿಕ್ಕಿಸಿದಾಗ ಡ್ರೈವಿನ ಅಕ್ಷರ ಇ ಇದ್ದದ್ದು ಎಫ್ ಆಗಿದೆಯೇ ನೋಡಿ. ಡೆಸ್ಕ್‌ಟಾಪಿನ ಐಕಾನುಗಳೆಲ್ಲವೂ ಒಮ್ಮೆಗೇ ಮಾಯವಾಗಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ವ್ಯೂ ಒಳಗೆ ಶೋ ಡೆಸ್ಕ್‌ಟಾಪ್ ಐಕಾನ್ಸ್ ಎಂಬುದಕ್ಕೆ ಗುರುತು ಹಾಕಿ.

ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಇರುವ ಕಂಪ್ಯೂಟರಿನಲ್ಲಿ ನೀವು ಮಾಡಿದ ಶಾರ್ಟ್‌ಕಟ್ ನಿಮಗೆ ಮಾತ್ರ ಕಾಣುತ್ತದೆ. ಎಲ್ಲರಿಗೂ ಕಾಣಬೇಕಾದರೆ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ ಪಬ್ಲಿಕ್, ಅದರೊಳಗೆ ಮರೆಯಾಗಿರುವ ಡೆಸ್ಕ್‌ಟಾಪ್ ಎಂಬ ಫೋಲ್ಡರಿನಲ್ಲಿ ಅದನ್ನು ಇಡಬೇಕು, ಇದಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು. ಕೆಲವು ಐಕಾನುಗಳನ್ನು ಅಳಿಸಲು ಹೋದರೆ ಪಾಸ್‌ವರ್ಡ್ ಕೇಳುವುದೂ ಅವು ಅಲ್ಲಿರುವುದರಿಂದಲೇ.

ನೀವು ಮಾಡದ ಶಾರ್ಟ್‌ಕಟ್ ಕಂಡರೆ ಅನುಮಾನಪಡಿ. ಪೆನ್‌ಡ್ರೈವನ್ನು ನಾಲ್ಕಾರು ಕಂಪ್ಯೂಟರಿಗೆ ಹಾಕಿ ತಂದ ಮೇಲೆ ಅದರಲ್ಲಿದ್ದ ಫೋಲ್ಡರುಗಳಿಗೆಲ್ಲ ಬಾಣದ ಗುರುತು ಬಂದಿದ್ದರೆ ಅದು ವೈರಸ್. ನಿಜವಾದ ಫೋಲ್ಡರುಗಳನ್ನು ಅದು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ಟುಗಳನ್ನು ಮುಂದಿಟ್ಟಿರುತ್ತದೆ. ಎರಡು ಸಲ ಒತ್ತಬೇಡಿ. ಮೊದಲು ಪೆನ್‌ಡ್ರೈವನ್ನು ಆ್ಯಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ, ಆಮೇಲೆ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ತೋರಿಸುವಂತೆ ಮಾಡಿ. ಆಗಲೂ ಫೋಲ್ಡರುಗಳು ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್ ಒಳಗೆ ಸಿಸ್ಟಂ ಫೈಲುಗಳನ್ನು ಮರೆಮಾಡುವ ಗುರುತನ್ನೂ ತೆಗೆಯಬೇಕು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ವೈರಸ್ ಶಾರ್ಟ್‌ಕಟ್ ಫೈಲಿನ ಒಂದು ದೋಷವನ್ನು ಬಳಸಿ, ಐಕಾನ್ ಪರದೆಯ ಮೇಲೆ ಕಂಡಷ್ಟಕ್ಕೇ ಹರಡುತ್ತಿತ್ತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷ ತಿದ್ದುಪಡಿ ಹೊರಡಿಸಿತು.

ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದರ ಶಾರ್ಟ್‌ಕಟ್ಟುಗಳನ್ನು ನಕಲು ಮಾಡಿಕೊಂಡು ಹೋಗುವುದರಿಂದ ಪ್ರಯೋಜನ ಕಡಿಮೆ, ಎರಡರಲ್ಲೂ ಪ್ರೋಗ್ರಾಂ ಮತ್ತು ಫೈಲುಗಳು ಒಂದೇ ವಿಳಾಸದಲ್ಲಿದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. ಅದರ ಬದಲು ಹಳೆಯ ಕಂಪ್ಯೂಟರಿನಲ್ಲಿ ಒಂದೊಂದರ ಟಾರ್ಗೆಟ್ ಮತ್ತು ಸ್ಟಾರ್ಟ್ ಇನ್ ಸಾಲುಗಳನ್ನೂ ನೋಟ್‌ಪ್ಯಾಡಿನಲ್ಲಿ ನಕಲು ಮಾಡಿಟ್ಟುಕೊಂಡು, ಹೊಸದರಲ್ಲಿ ಪ್ರೋಗ್ರಾಂಗಳನ್ನು ಹಾಕಿದ ಮೇಲೆ ಅವನ್ನು ನೋಡಿಕೊಂಡು ಹೊಸದಾಗಿಯೇ ಮಾಡಿ.